ಮೇವು ಬಿಡದ ಬೇನೆ

ಮನುಷ್ಯನಿಗೆ ಬೇನೆ ಬಂದರೆ ಬಾಯಿಬಿಟ್ಟು ಹೇಳುತ್ತಾನೆ. ಕುದುರೆಗೆ ಬಂದರೆ ನೋಡುವವನ ಕಣ್ಣೇ ಅದಕ್ಕೆ ಬಾಯಿ. ಜಟಕಾ ಗಾಡಿಗಳ ಕಾಲವನ್ನು ಬಲ್ಲ ಹಿರಿಯರು ಈ ಮಾತನ್ನು ಒಪ್ಪಿಯಾರು. ಕುದುರೆ ಮೇವು ಮುಟ್ಟದೆ, ಮುಂಗಾಲಿನಿಂದ ನೆಲ ಕೆರೆಯುತ್ತ, ಮತ್ತೆ ಮತ್ತೆ ತನ್ನ ಪಕ್ಕೆಯತ್ತ ತಿರುಗಿ ನೋಡಿದರೆ ಅದಕ್ಕೆ ಹೊಟ್ಟೆಶೂಲೆಯೆಂದು ಲಾಯದ ಆಳು ಕೂಡಲೆ ತಿಳಿಯುತ್ತಿದ್ದ. ಹುರುಳಿಯ ಚೀಲಕ್ಕೆ ಆಸೆಯಿಂದ ಮೂತಿ ಹಾಕಿತೆಂದರೆ ನಿಶ್ಚಿಂತನಾಗುತ್ತಿದ್ದ. ಈ ನಂಬಿಕೆ ಬಹುಮಟ್ಟಿಗೆ ಸರಿಯೇ. ಆದರೆ ಇದಕ್ಕೆ ಮೋಸಮಾಡುವ ಬೇನೆಯೊಂದುಂಟು. ಅದರ ಹೆಸರು ಸರ್ರಾ.

1880ನೆಯ ಇಸವಿ. ಸಿಂಧೂ ನದಿಯ ಬಳಿ, ಇಂದಿನ ಪಾಕಿಸ್ತಾನಕ್ಕೆ ಸೇರಿದ ಡೇರಾ ಇಸ್ಮಾಯಿಲ್ ಖಾನ್ ಎಂಬಲ್ಲಿ ಈ ಬೇನೆಗೆ ಕುದುರೆಗಳು ಬಲಿಯಾಗುತ್ತಿದ್ದುವು. ಕಾರಣವನ್ನು ಪತ್ತೆಹಚ್ಚಲು ಪಂಜಾಬ್ ಸರಕಾರ ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯರನ್ನು ಅಲ್ಲಿಗೆ ಕಳುಹಿಸಿತು. ವೇಲ್ಸ್ ನಾಡಿನವರಾದ ಇವರು ಪಶುವೈದ್ಯದ ಜೊತೆಗೆ ಮನುಷ್ಯರ ವೈದ್ಯವನ್ನೂ ಓದಿದ್ದರು.

ಈ ಬೇನೆಯ ಲಕ್ಷಣಗಳನ್ನು ನೋಡಿ. ಜ್ವರ ಏರುತ್ತದೆ, ಕೆಲವು ದಿನಕ್ಕೆ ಇಳಿಯುತ್ತದೆ. ಗುಣವಾಯಿತೆನ್ನುವಷ್ಟರಲ್ಲಿ ಮತ್ತೆ ಏರುತ್ತದೆ. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಪೊರೆ ಬಿಳಿಚಿಕೊಂಡಿರುತ್ತದೆ. ಅಲ್ಲಲ್ಲಿ ರಕ್ತದ ಚುಕ್ಕೆಗಳೂ ಕಾಣಬಹುದು. ಕಾಲುಗಳಲ್ಲಿ, ಹೊಟ್ಟೆಯ ಕೆಳಗೆ ಬಾವು. ನಡೆಯುವಾಗ ಹಿಂಭಾಗ ತೂರಾಡುತ್ತದೆ. ಇಷ್ಟಾದರೂ ಕುದುರೆ ಅನೇಕ ವೇಳೆ ಮೇವು ಬಿಡುವುದಿಲ್ಲ. ತಿನ್ನುತ್ತಲೇ ಸೊರಗುತ್ತದೆ, ತಿನ್ನುತ್ತಲೇ ಸಾವಿನ ಕಡೆಗೆ ಸಾಗುತ್ತದೆ.

ಇವಾನ್ಸ್ ರೋಗಿ ಕುದುರೆಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಕೆಂಪು ಕಣಗಳ ನಡುವೆ ಸಣ್ಣ ಹಾವಿನಂತೆ ಹೊರಳಾಡುವ ಜೀವಿಗಳು ಕಂಡುವು. ಆ ರಕ್ತವನ್ನು ಆರೋಗ್ಯವಾದ ಪ್ರಾಣಿಗಳ ಮೈಗೆ ಸೇರಿಸಿದಾಗ ಅವಕ್ಕೂ ಅದೇ ಬೇನೆ ಬಂದಿತು. ಅವುಗಳ ರಕ್ತದಲ್ಲಿಯೂ ಅವೇ ಜೀವಿಗಳಿದ್ದುವು. ಬೇನೆಗೆ ಇವೇ ಕಾರಣವೆಂದು ಇವಾನ್ಸ್ ವರದಿ ಬರೆದರು.

ವರದಿಗೆ ಮನ್ನಣೆ ದೊರೆಯಲಿಲ್ಲ. ರಕ್ತದಲ್ಲಿ ಕಾಣುವ ಇಂಥ ಜೀವಿಗಳು ನಿರಪಾಯಕರ ಎಂಬುದು ಆಗಿನ ದೊಡ್ಡ ವೈದ್ಯರ ಮತ. ಇಲಿಗಳ ರಕ್ತದಲ್ಲಿಯೂ ಅಂಥವನ್ನು ಕಂಡಿದ್ದರು. ಇಲಿಗಳು ಆರೋಗ್ಯವಾಗಿಯೇ ಇದ್ದುವು!

ಕಾಲವೇ ತೀರ್ಪು ಕೊಟ್ಟಿತು. 1895ರಲ್ಲಿ ಡೇವಿಡ್ ಬ್ರೂಸ್ ಆಫ್ರಿಕದ ದನಕರುಗಳ ನಗಾನಾ ರೋಗದಲ್ಲಿ ಇದೇ ಜಾತಿಯ ಜೀವಿಯನ್ನು ಕಂಡರು. 1901ರಲ್ಲಿ ಲೆನಾರ್ಡ್ ರಾಜರ್ಸ್, ಕಚ್ಚುವ ದೊಡ್ಡ ನೊಣಗಳು ಸರ್ರಾವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತವೆಂದು ತೋರಿಸಿದರು. ಬಳಿಕ ಆಫ್ರಿಕದ ಜನರನ್ನು ಕೊಲ್ಲುತ್ತಿದ್ದ ನಿದ್ರಾರೋಗಕ್ಕೂ ಇದೇ ಕುಲದ ಜೀವಿ ಕಾರಣವೆಂದು ಗೊತ್ತಾಯಿತು. ಸರ್ರಾದ ಜೀವಿಗೆ ಇವಾನ್ಸರ ಹೆಸರನ್ನೇ ಇಟ್ಟು ಟ್ರಿಪನೊಸೋಮ ಇವಾನ್ಸಿ ಎಂದು ಕರೆದರು. 1835ರಲ್ಲಿ ಹುಟ್ಟಿದ ಇವಾನ್ಸ್ ನೂರು ವರ್ಷ ಬಾಳಿ 1935ರಲ್ಲಿ ತೀರಿಕೊಂಡರು. ತಮ್ಮ ಮಾತು ನಿಜವಾದುದನ್ನು ಕಣ್ಣಾರೆ ಕಂಡರು.

ಸರ್ರಾ ನಮ್ಮ ದೇಶದಿಂದ ಇನ್ನೂ ತೊಲಗಿಲ್ಲ. ದನ, ಎಮ್ಮೆಗಳು ಹೊರಗೆ ಏನನ್ನೂ ತೋರಗೊಡದೆ ಇದನ್ನು ಮೈಯಲ್ಲಿಟ್ಟುಕೊಂಡಿರಬಹುದು. ಔಷಧಿಗಳಿವೆ, ಆದರೆ ಬೇನೆಯನ್ನು ಬೇಗ ಗುರುತಿಸಬೇಕು. ಕುದುರೆ ಸಾಕಿದವರು ನಿಮ್ಮ ಪರಿಚಯದಲ್ಲಿದ್ದರೆ ಇಷ್ಟು ಹೇಳಿ: ಹುರುಳಿಯ ಚೀಲ ಬರಿದಾದುದನ್ನಷ್ಟೇ ನೋಡಿ ಸುಮ್ಮನಾಗಬಾರದು. ರೆಪ್ಪೆ ಬಿಡಿಸಿ ನೋಡಬೇಕು, ಕಾಲು ಸವರಿ ನೋಡಬೇಕು, ಜ್ವರ ಅಳೆಯಬೇಕು. ಆರೋಗ್ಯವಾದ ದೊಡ್ಡ ಕುದುರೆಯ ಮೈಶಾಖ ಸುಮಾರು 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಅದಕ್ಕೆ ಮೀರಿದ ದಿನವೇ ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಬೇಕು. ಜ್ವರ ಇಳಿದ ಮೇಲೆ ಆ ಜೀವಿಗಳು ಸೂಕ್ಷ್ಮದರ್ಶಕಕ್ಕೂ ಸಿಕ್ಕದೆ ಹೋಗುವುದುಂಟು.