ರೀಲು ಕ್ಯಾಮೆರಾದ ಆಟೋಫೋಕಸ್: ಪಶ್ಚಿಮ ತಾಲ್ಲೂಕುಗಳಲ್ಲಿ ಬಳಸುವ ಬಗೆ

35 ಎಂಎಂ ರೀಲು ಹಾಕಿ ಗುಂಡಿ ಒತ್ತಿದರೆ ದೂರವನ್ನು ತಾನೇ ಅಳೆದು ಲೆನ್ಸ್ ಹೊಂದಿಸಿಕೊಳ್ಳುವ ಪುಟ್ಟ ಕ್ಯಾಮೆರಾಕ್ಕೆ ಆಟೋಫೋಕಸ್ ಕಾಂಪ್ಯಾಕ್ಟ್ ಎಂದು ಹೆಸರು. ಜಪಾನಿನ ಕೊನಿಕಾ 1977ರಲ್ಲಿ ತಂದ ಸಿ35 ಎಎಫ್ ಈ ಜಾತಿಯ ಮೊದಲನೆಯದು. ಮೊಬೈಲು ಬಂದ ಮೇಲೆ ಬೀರು ಸೇರಿದ್ದ ಇವನ್ನು ಈಗಿನ ಹುಡುಗರು ಮತ್ತೆ ಹೊರತೆಗೆಯುತ್ತಿದ್ದಾರೆ. ಅವಿಭಜಿತ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಡೆ ಇದನ್ನು ಹಿಡಿದು ಓಡಾಡುವವರಿಗೆ ಯಂತ್ರದ ಜೊತೆಗೆ ಇಲ್ಲಿನ ಬಿಸಿಲು, ಧೂಳು, ಜಾತ್ರೆಗಳ ಪರಿಚಯವೂ ಬೇಕು.

ಬೀರುವಿನಲ್ಲಿ ಸಿಕ್ಕಿದ್ದು ಯಾವುದು?

ನಮ್ಮ ಮನೆಗಳಲ್ಲಿ ಸಿಗುವ ಹಳೆಯ ಕ್ಯಾಮೆರಾಗಳೆಲ್ಲ ಆಟೋಫೋಕಸ್ ಅಲ್ಲ. ತೊಂಬತ್ತರ ದಶಕದಲ್ಲಿ ಮನೆಮಾತಾಗಿದ್ದ ಕೊಡಾಕ್ ಕೆಬಿ10, ಯಾಷಿಕಾ ಎಂಎಫ್-2 ಎರಡೂ ಸ್ಥಿರ ಫೋಕಸಿನವು. ಅವುಗಳ ಲೆನ್ಸ್ ಅಲುಗುವುದೇ ಇಲ್ಲ. ಒಂದೆರಡು ಮೀಟರ್ ಆಚೆಗಿನದೆಲ್ಲ ಒಂದು ಮಟ್ಟಿಗೆ ಸ್ಪಷ್ಟವಾಗಿ ಬರುತ್ತದೆ, ಅಷ್ಟೆ. ನಿಜವಾದ ಆಟೋಫೋಕಸ್ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಲೆನ್ಸಿನ ಮೇಲೆ, ನೋಡುವ ಕಿಂಡಿಯ ಆಚೀಚೆ, ಇನ್ನೆರಡು ಸಣ್ಣ ಗಾಜಿನ ಕಿಂಡಿಗಳಿರುತ್ತವೆ. ಅವು ಕಂಡರೆ ಮುಂದಿನದನ್ನು ಓದಿ.

ದೂರ ಅಳೆಯುವ ಎರಡು ದಾರಿ

ಕೊನಿಕಾದ ಮೊದಲ ಮಾದರಿ ಎರಡು ಕಿಂಡಿಗಳಿಂದ ಬಂದ ಬಿಂಬಗಳನ್ನು ಹೋಲಿಸಿ ದೂರ ಕಂಡುಕೊಳ್ಳುತ್ತಿತ್ತು. ಮಬ್ಬು ಬೆಳಕಿನಲ್ಲಿ, ಬರೀ ಸುಣ್ಣದ ಗೋಡೆಯೆದುರು ಅದಕ್ಕೆ ಹೋಲಿಸಲು ಏನೂ ಸಿಗುತ್ತಿರಲಿಲ್ಲ. 1979ರ ಕ್ಯಾನನ್ ಎಎಫ್35ಎಂ ಬೇರೆ ದಾರಿ ಹಿಡಿಯಿತು: ಒಂದು ಕಿಂಡಿಯಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹೊರಡುತ್ತದೆ, ಎದುರಿನವರಿಗೆ ಬಡಿದು ಇನ್ನೊಂದು ಕಿಂಡಿಗೆ ಮರಳುತ್ತದೆ, ಮರಳಿದ ಕೋನದಿಂದ ದೂರ ಗೊತ್ತಾಗುತ್ತದೆ. ಇದು ಕತ್ತಲಲ್ಲೂ ನಡೆಯುತ್ತದೆ. ಆದರೆ ಬಸ್ಸಿನ ಗಾಜಿನ ಹಿಂದಿನಿಂದ ತೆಗೆದರೆ ಬೆಳಕು ಗಾಜಿಗೇ ಬಡಿದು ಮೋಸವಾಗಬಹುದು. ಕಪ್ಪು ಕಂಬಳಿ ಆ ಬೆಳಕನ್ನು ನುಂಗಿಬಿಡುತ್ತದೆ. ಕಿಂಡಿಗೆ ಬೆರಳು ಅಡ್ಡ ಬಂದರಂತೂ ಮುಗಿಯಿತು.

ಮದುಮಕ್ಕಳು ಮಸುಕು, ಥರ್ಮಾಕೋಲ್ ಸ್ಪಷ್ಟ

ಹಳೆಯ ಮದುವೆ ಆಲ್ಬಂಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಸಿಗುತ್ತದೆ. ವಧು ಒಂದು ಕಡೆ, ವರ ಒಂದು ಕಡೆ, ನಡುವೆ ಸಂಕೋಚದ ಅರ್ಧ ಅಡಿ. ಇಬ್ಬರ ಮುಖವೂ ಮಸುಕು. ಹಿಂದಿನ ಗೋಡೆಗೆ ಅಂಟಿಸಿದ ಥರ್ಮಾಕೋಲಿನ ‘ಶುಭವಿವಾಹ’ ಮಾತ್ರ ಚುಕ್ಕಿ ಚುಕ್ಕಿಯೂ ಸ್ಪಷ್ಟ. ಬೈಸಿಕೊಂಡದ್ದು ಫೋಟೋ ತೆಗೆದ ಸೋದರಮಾವ. ತಪ್ಪು ಅವನದೂ ಅಲ್ಲ, ಪೂರ್ತಿ ಕ್ಯಾಮೆರಾದ್ದೂ ಅಲ್ಲ. ಈ ಕ್ಯಾಮೆರಾಗಳು ಸಾಮಾನ್ಯವಾಗಿ ಚೌಕಟ್ಟಿನ ನಟ್ಟನಡುವನ್ನು ಮಾತ್ರ ಅಳೆಯುತ್ತವೆ, ಅಲ್ಲಿದ್ದದ್ದು ಗೋಡೆ.

ಪರಿಹಾರ ಸುಲಭ. ನಡುವಿನ ಗುರುತನ್ನು ಒಬ್ಬರ ಮುಖದ ಮೇಲಿಟ್ಟು ಗುಂಡಿಯನ್ನು ಅರ್ಧ ಒತ್ತಿ ಹಿಡಿಯಬೇಕು. ಫೋಕಸ್ ಅಲ್ಲೇ ನಿಲ್ಲುತ್ತದೆ. ಬೆರಳು ಸಡಿಲಿಸದೆ ಚೌಕಟ್ಟು ಸರಿಮಾಡಿಕೊಂಡು ಪೂರ್ತಿ ಒತ್ತಬೇಕು. ಬರೀ ಗುಂಡಿ ಒತ್ತಿದರಾಯಿತು ಎಂದು ಮಾರಿದ ಕ್ಯಾಮೆರಾಕ್ಕೂ ಇಷ್ಟು ಕಲಿಯಲೇಬೇಕು. ಈ ಅರ್ಧ ಒತ್ತುವ ಸೌಲಭ್ಯ ಇದೆಯೇ ಎಂದು ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲೂ ಇದೇ ಪಾಠ. ಕಂಬಗಳ ಸಾಲು ನೋಡಿ ಮರುಳಾಗಿ ಎರಡು ಕಂಬಗಳ ನಡುವಿಗೆ ಗುರಿಯಿಟ್ಟರೆ ಕ್ಯಾಮೆರಾ ಹಿಂದಿನ ಕತ್ತಲನ್ನು ಅಳೆಯಲು ಹೋಗುತ್ತದೆ. ಹತ್ತಿರದ ಕಂಬಕ್ಕೆ ಫೋಕಸ್ ಹಿಡಿಯಿರಿ. ಫ್ಲಾಶ್ ಆರಿಸಿ. ಕ್ಯಾಮೆರಾವನ್ನು ಜಗತಿಯ ಕಲ್ಲಿನ ಮೇಲಿಟ್ಟು ಸೆಲ್ಫ್ ಟೈಮರ್ ಒತ್ತಿದರೆ ಕೈ ಅಲುಗುವ ಚಿಂತೆಯಿಲ್ಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯ ಹಕ್ಕಿಗಳಿಗೆ ಮಾತ್ರ ಇದನ್ನು ಒಯ್ಯಬೇಡಿ. 35 ಎಂಎಂ ಲೆನ್ಸಿಗೆ ಕೊಕ್ಕರೆಯೂ ಅಕ್ಕಿಕಾಳೇ.

ಕೊಳ್ಳುವಾಗ

ಹೆಸರಿನ ಹಿಂದೆ ಬೀಳಬೇಕಾಗಿಲ್ಲ. ಯಾಷಿಕಾ ಟಿ4, 1997ರ ಒಲಿಂಪಸ್ ಮ್ಯೂ-2 ಒಳ್ಳೆಯವೇ, ಆದರೆ ಬೆಲೆ ಫ್ಯಾಶನ್ನಿಂದ ಏರಿದೆ. 1983ರ ನಿಕಾನ್ ಎಲ್35ಎಎಫ್ ನನ್ನ ಆಯ್ಕೆ. ಅದಕ್ಕೆ ಎರಡು ಪೆನ್ಸಿಲ್ ಸೆಲ್ಲು ಸಾಕು, ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ಮ್ಯೂ-2 ಕೇಳುವ ಸಿಆರ್123ಎ ಲಿಥಿಯಂ ಸೆಲ್ಲು ಜಾತ್ರೆಯ ನಡುವೆ ಮುಗಿದರೆ ಹುಡುಕುವುದೇ ಕೆಲಸ.

ಸೆಲ್ಲಿನ ಗೂಡಿನಲ್ಲಿ ಬಿಳಿ-ಹಸಿರು ಹುಡಿ ಕಟ್ಟಿದ್ದರೆ ಹತ್ತಿಗೆ ಒಂದು ಹನಿ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಸ್ಪಿರಿಟ್‌ನಿಂದ ಒಣಗಿಸಿ. ಹಿಂಬಾಗಿಲ ಅಂಚಿನ ಸ್ಪಂಜು ಡಾಂಬರಿನಂತೆ ಬೆರಳಿಗೆ ಅಂಟಿದರೆ ಬೆಳಕು ಸೋರುತ್ತದೆ, ಬದಲಿಸಬೇಕು. ಒಳಗಿನ ರಿಪೇರಿಗೆ ಮಾತ್ರ ನೀವೇ ಸ್ಕ್ರೂ ಬಿಚ್ಚಬೇಡಿ: ಫ್ಲಾಶಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಕುಳಿತಿರುತ್ತದೆ, ಸೆಲ್ಲು ತೆಗೆದ ಮೇಲೂ. ಮಲೆನಾಡಿನ ಕ್ಯಾಮೆರಾಗಳ ಲೆನ್ಸಿಗೆ ಹಿಡಿಯುವ ಬೂಷ್ಟಿನ ಕಾಟ ನಮ್ಮ ಒಣಸೀಮೆಯಲ್ಲಿ ಕಡಿಮೆ. ನಮ್ಮ ಶತ್ರು ಧೂಳು; ಊದುವ ರಬ್ಬರ್ ಬುರುಡೆ ಜೇಬಿನಲ್ಲಿರಲಿ, ಅಂಗಿಯ ತುದಿಯಿಂದ ಒರೆಸಿ ಗಾಜು ಗೀರಬೇಡಿ.

ರೀಲು ಮತ್ತು ಬೇಸಿಗೆ

ರೀಲಿನ ಡಬ್ಬಿಯ ಮೇಲಿನ ಕಪ್ಪು-ಬೆಳ್ಳಿ ಚೌಕಗಳು 1983ರಲ್ಲಿ ಕೊಡಾಕ್ ತಂದ ಡಿಎಕ್ಸ್ ಸಂಕೇತ. ಅದನ್ನು ಓದಬಲ್ಲ ಕ್ಯಾಮೆರಾ ರೀಲಿನ ವೇಗವನ್ನು ತಾನೇ ತಿಳಿಯುತ್ತದೆ; ಓದಲಾರದ ಹಳೆಯವುಗಳಲ್ಲಿ ಬಳೆ ತಿರುಗಿಸಿ ನೀವೇ ಹೇಳಬೇಕು. ಏಪ್ರಿಲ್-ಮೇನಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನ ಕಳೆದ ರೀಲಿನ ಬಣ್ಣ ಕೆಡುತ್ತದೆ. ಹೊಸ ರೀಲನ್ನು ಫ್ರಿಜ್ಜಿನಲ್ಲಿಡಿ, ಹಾಕುವ ಒಂದೆರಡು ಗಂಟೆ ಮೊದಲು ಹೊರತೆಗೆಯಿರಿ, ಇಲ್ಲವಾದರೆ ಬೆವರುತ್ತದೆ. ರೀಲು ಹಾಕುವುದು ತೆಗೆಯುವುದು ನೆರಳಿನಲ್ಲಿ.

ಬಣ್ಣದ ನೆಗೆಟಿವ್ ತೊಳೆಯುವ ಸಿ-41 ವಿಧಾನದಲ್ಲಿ ಡೆವಲಪರ್ 37.8 ಡಿಗ್ರಿಯಲ್ಲಿ ನಿಲ್ಲಬೇಕು, 3 ನಿಮಿಷ 15 ಸೆಕೆಂಡು. ಅದನ್ನು ಮಾಡುವ ಲ್ಯಾಬಿಗೆ ರೀಲನ್ನು ಬೆಂಗಳೂರಿಗೋ ಬೇರೆಡೆಗೋ ಕೊರಿಯರ್ ಮಾಡುವವರು, ಸ್ಕ್ಯಾನ್ ಜೊತೆಗೆ ನೆಗೆಟಿವ್ ವಾಪಸು ಬೇಕೆಂದು ಬರೆದೇ ಕಳಿಸಬೇಕು.

ತೇರು, ಕಾರ್ಣಿಕ

ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಜನ ಬಾಳೆಹಣ್ಣು, ಉತ್ತತ್ತಿ ಎಸೆಯುವ ಹೊತ್ತಿನಲ್ಲಿ ಹಿಂದೆ ಆಕಾಶ ಬೆಳ್ಳಗಿದ್ದರೆ ಮುಂದಿನ ಮುಖಗಳು ಕಪ್ಪಾಗುತ್ತವೆ. ಹಗಲೇ ಆದರೂ ಫ್ಲಾಶ್ ಹಚ್ಚಿ. 100 ಐಎಸ್ಒ ವೇಗದ ರೀಲಿನಲ್ಲಿ ಅದು ಮುಟ್ಟುವುದು ಸುಮಾರು 4 ಮೀಟರ್, 400ರಲ್ಲಿ ಎರಡರಷ್ಟು. ಪಕ್ಕದವರ ಮುಖಕ್ಕೆ ಅಷ್ಟು ಸಾಕು. ತೇರಿನ ಕಳಸಕ್ಕೆ ಸೂರ್ಯನೇ ಬೇಕು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಲೆಕ್ಕ ತಿರುಗಾಮುರುಗಾ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಭವಿಷ್ಯವಾಣಿಯಾದ ಕಾರ್ಣಿಕ ನುಡಿಯುವಾಗ ಸಂಜೆ ಇಳಿದಿರುತ್ತದೆ, ಆತ ಫ್ಲಾಶಿಗೆ ಎಟುಕುವುದಿಲ್ಲ. ಹಚ್ಚಿದರೆ ಮುಂದಿನವರ ರುಮಾಲುಗಳೇ ಬೆಳಗುತ್ತವೆ. ಫ್ಲಾಶ್ ಆರಿಸಿ, 400ರ ರೀಲು ಹಾಕಿ, ಮೊಣಕೈ ಎದೆಗೊತ್ತಿ ನಿಲ್ಲಿ. ಅದಕ್ಕೂ ಮೊದಲು ಎಷ್ಟು ಚಿತ್ರ ಉಳಿದಿವೆ ಎಂದು ನೋಡಿಕೊಳ್ಳಿ. 36ನೆಯದು ಮುಗಿದೊಡನೆ ಮೋಟಾರು ರೀಲನ್ನು ತಾನಾಗಿ ಹಿಂದಕ್ಕೆ ಸುತ್ತತೊಡಗುವ ಮಾದರಿಗಳಿವೆ. ಗೊರವಯ್ಯನ ‘ಸದ್ದಲೇ’ ಎಂಬ ಕೂಗಿಗೆ ಲಕ್ಷಾಂತರ ಜನ ಉಸಿರು ಹಿಡಿದು ನಿಂತಾಗ ನಿಮ್ಮ ಕೈಯಲ್ಲೊಂದು ಗೊರ್ರೆಂದರೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ.