ಬಿಜಾಪುರದ ಸಾಹಸಕಥೆಯಲ್ಲಿ ಬಿಟ್ಟುಹೋದ ಇಬ್ಬರು

ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಇಂಡಿ ತಾಲೂಕಿನ ಅಗರಖೇಡ, ಭೀಮಾ ಹೊಳೆಯ ದಂಡೆ. ಸಂಜೆ ಹೊಳೆ ಕಡೆ ಹೊರಟಾಗ ಸಂಬಂಧದಲ್ಲಿ ತಮ್ಮನಾಗಬೇಕಾದ ಹುಡುಗನೂ ಜೊತೆಗೆ ಬಂದ. ತಾನು ಗೇ ಅಂತ ಮನೆಯವರಿಗಿಂತ ಮೊದಲು ನನಗೆ ಹೇಳಿದವನು ಅವನು. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದ.)

ಅವನ ಕೈಯಲ್ಲಿ ಮ್ಯಾಡಲಿನ್ ಮಿಲ್ಲರ್ ಅವರ 'ದಿ ಸಾಂಗ್ ಆಫ್ ಅಕಿಲೀಸ್' ಇತ್ತು. 2011ರ ಪುಸ್ತಕ. ಗ್ರೀಕರ ಟ್ರಾಯ್ ಯುದ್ಧದ ಕಥೆಯನ್ನು ಅಕಿಲೀಸ್ ಮತ್ತು ಪೆಟ್ರೋಕ್ಲಸ್ ಎಂಬ ಇಬ್ಬರು ಗಂಡಸರ ಪ್ರೀತಿಯ ಕಥೆಯಾಗಿ ಮತ್ತೆ ಹೇಳುತ್ತದೆ.

"ಅಣ್ಣಾ, ನಮ್ಮ ಬಿಜಾಪುರದ ಕಥೀನೂ ಹಿಂಗ ಬರೀಬಹುದೇನು? ಅದರಾಗ ನನ್ನಂಥವರು ಯಾರರ ಅದಾರೇನು?" ಅಂತ ಕೇಳಿದ.

ನನಗೆ ತಟ್ಟನೆ ನೆನಪಾದದ್ದು ಮೆಡೋಸ್ ಟೇಲರ್. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಟೇಲರ್ ಸಾಹೇಬ ನಮ್ಮ ಸೀಮೆಯನ್ನು ಸುತ್ತಿ ನೋಡಿದವನು. ಅವನ 'ಎ ನೋಬಲ್ ಕ್ವೀನ್' ಅವನು ಸತ್ತ ಮೇಲೆ, 1878ರಲ್ಲಿ ಅಚ್ಚಾಯಿತು. ಬಿಜಾಪುರದ ಮೇಲೆ ಬಂದ ಹಳೆಯ ಸಾಹಸ ಕಾದಂಬರಿಗಳಲ್ಲಿ ಹೆಸರು ಮಾಡಿದ್ದು ಅದೇ. ಕೃಷ್ಣಾ ಹೊಳೆ, ಕೋಟೆ, ಕುದುರೆ, ಕತ್ತಿ, ಒಳಸಂಚು ಎಲ್ಲ ಇದೆ. ಅಬ್ಬಾಸ್ ಖಾನ್ ಎಂಬ ವೀರ, ಜೋಹ್ರಾ ಎಂಬ ಹುಡುಗಿ, ಇವರಿಬ್ಬರಿಗಿಂತ ಎತ್ತರದಲ್ಲಿ ರಾಣಿ ಚಾಂದಬೀಬಿ.

ಆದರೆ ಚಾಂದಬೀಬಿ ಅಧಿಕಾರ ಹಿಡಿಯಬೇಕಾಗಿ ಬಂದದ್ದು ಹೇಗೆ? ಅವಳ ಗಂಡ ಒಂದನೇ ಅಲಿ ಆದಿಲ್‌ಶಾಹಿ 1580ರಲ್ಲಿ ಕೊಲೆಯಾದದ್ದರಿಂದ. ಮಕ್ಕಳಿರಲಿಲ್ಲ. ಒಂಬತ್ತು ವರ್ಷದ ಇಬ್ರಾಹಿಂನನ್ನು, ಅಂದರೆ ಅಲಿಯ ತಮ್ಮನ ಮಗನನ್ನು, ಗಾದಿಗೆ ಕೂರಿಸಿದರು. ಆ ಕೊಲೆಯ ಕಥೆಯನ್ನು ಹೇಳಿದವನು ಫೆರಿಷ್ತಾ. 1589ರಲ್ಲಿ ಬಿಜಾಪುರಕ್ಕೆ ಬಂದು ಅದೇ ಇಬ್ರಾಹಿಂನ ಆಶ್ರಯದಲ್ಲಿ ಇತಿಹಾಸ ಬರೆದವನು. ಅಂದರೆ ಇದು ಶತ್ರುಗಳು ಕಟ್ಟಿದ ಕಥೆಯಲ್ಲ, ಮನೆಯೊಳಗಿನ ಮಾತು.

ಫೆರಿಷ್ತಾ ಹೇಳುವುದು ಇಷ್ಟು. ಬೀದರಿನ ಅಲಿ ಬರೀದ್ ಹತ್ತಿರ ಇಬ್ಬರು ಸುಂದರ ಖೋಜಾಗಳಿದ್ದರು. ಖೋಜಾ ಅಂದರೆ ಚಿಕ್ಕಂದಿನಲ್ಲೇ ಬೀಜ ತೆಗೆಸಿ ಅರಮನೆಯ ಚಾಕರಿಗೆ ಇಟ್ಟ ಗುಲಾಮ. ನಮ್ಮ ಸುಲ್ತಾನನಿಗೆ ಅವರ ಮೇಲೆ ಮನಸ್ಸಾಯಿತು. ಕೇಳಿ ಕಳಿಸಿದ. ಬರೀದ್ ಕೊಡಲಿಲ್ಲ, ಮುಂದೂಡುತ್ತ ಬಂದ. ಅಷ್ಟರಲ್ಲಿ ಅಹಮದನಗರದ ಮುರ್ತಜಾ ನಿಜಾಂಶಾಹಿ ಬೀದರಿಗೆ ಮುತ್ತಿಗೆ ಹಾಕಿದ. ಬರೀದ್ ಬಿಜಾಪುರದ ಸಹಾಯ ಬೇಡಿದ. ಸಹಾಯಕ್ಕೆ ಬೆಲೆ ಏನು? ಆ ಇಬ್ಬರು. ಕೊನೆಗೆ ಅವರನ್ನು ಬಿಜಾಪುರಕ್ಕೆ ಕಳಿಸಿದರು. ಅವರಲ್ಲೊಬ್ಬ ಬಟ್ಟೆಯಲ್ಲಿ ಚೂರಿ ಅಡಗಿಸಿಕೊಂಡಿದ್ದ. ಸುಲ್ತಾನ ಹತ್ತಿರ ಕರೆದಾಗ ಇರಿದುಬಿಟ್ಟ.

ಬೀದರಿನಿಂದ ಬಿಜಾಪುರಕ್ಕೆ ಬರಬೇಕೆಂದರೆ ಭೀಮಾ ದಾಟಬೇಕು. ನಾವಿಬ್ಬರೂ ಕೂತು ಮಾತಾಡುತ್ತಿದ್ದದ್ದು ಅದೇ ಹೊಳೆಯ ದಂಡೆಯ ಮೇಲೆ.

ಟೇಲರನ ಕಾದಂಬರಿ ಶುರುವಾಗುವ ಹೊತ್ತಿಗೆ ಇದೆಲ್ಲ ಮುಗಿದು ವರ್ಷಗಳಾಗಿವೆ. ಕಥೆ ಇರುವುದು ಇಬ್ರಾಹಿಂನ ಕಾಲದಲ್ಲಿ. ಅದೇನು ತಪ್ಪಲ್ಲ, ಕಾದಂಬರಿಕಾರ ಎಲ್ಲಿಂದ ಬೇಕಾದರೂ ಶುರುಮಾಡಬಹುದು. ಆದರೆ ಬಾಯಿಂದ ಬಾಯಿಗೆ ಬಂದ ಕಥೆಯಲ್ಲೂ ನಾವು ಹೀಗೇ ಮಾಡಿದ್ದೇವೆ. ಅಲಿ ಅಂದರೆ 1565ರ ತಾಳಿಕೋಟೆ ಯುದ್ಧ, ಗಗನ ಮಹಲ್, ಜಾಮಿಯಾ ಮಸೀದಿ, ಹೆಂಡತಿಯ ಹೆಸರಿನ ಚಾಂದ ಬಾವಡಿ. ಹೇಗೆ ಸತ್ತ ಅಂತ ಕೇಳಿದರೆ, ಯಾರೋ ಆಳು ಕೊಂದ, ಅಷ್ಟೇ.

ಇಷ್ಟು ಹೇಳಿದ ಮೇಲೆ ಹುಡುಗನ ಮುಖ ಸಪ್ಪಗಾಯಿತು. "ಇದ್ರಾಗ ಪ್ರೀತಿ ಎಲ್ಲೈತಿ ಅಣ್ಣಾ?" ಅಂದ.

ನಿಜ, ಇಲ್ಲ. ಇದನ್ನು ಮತ್ತೆ ಹೇಳಲು ಕೂತವನಿಗೆ ಇಲ್ಲಿ ಎರಡು ಗುಂಡಿಗಳಿವೆ ಅಂತ ನನಗೆ ಅನ್ನಿಸುತ್ತದೆ. ಒಂದು, ಸುಲ್ತಾನ ಮತ್ತು ಖೋಜಾನ ನಡುವೆ ಇಲ್ಲದ ಪ್ರೇಮವನ್ನು ಕಟ್ಟಿ ಚಂದದ ಕಥೆ ಮಾಡುವುದು. ಸೈನ್ಯದ ಸಹಾಯಕ್ಕೆ ಬದಲಾಗಿ ಕೈ ಬದಲಾದ ಮನುಷ್ಯನ ಬಾಯಲ್ಲಿ ಪ್ರೇಮದ ಮಾತು ಹಾಕಿದರೆ ಅದು ಅವನಿಗೆ ಎರಡನೇ ಸಲ ಮಾಡುವ ಅನ್ಯಾಯ. ಇನ್ನೊಂದು, "ನೋಡಿ, ಗಂಡಸು ಗಂಡಸಿಗೆ ಆಸೆಪಟ್ಟರೆ ಹೀಗೇ ಆಗೋದು" ಅಂತ ನೀತಿ ಹೇಳುವುದು. ಯುದ್ಧದಲ್ಲಿ ಸೆರೆಸಿಕ್ಕ ಹೆಣ್ಣುಮಕ್ಕಳನ್ನು ರಾಜರು ಅಂತಃಪುರಕ್ಕೆ ತುಂಬಿಕೊಂಡ ಕಥೆಗಳನ್ನು ಓದಿ, ಗಂಡು ಹೆಣ್ಣಿನ ಪ್ರೀತಿಯೇ ಕೆಟ್ಟದ್ದು ಅಂತ ನಾವ್ಯಾರೂ ಹೇಳುವುದಿಲ್ಲವಲ್ಲ? ಅಲ್ಲಿ ತಪ್ಪು ಮನುಷ್ಯನನ್ನು ವಸ್ತು ಮಾಡಿದ್ದರಲ್ಲಿದೆ. ಇಲ್ಲೂ ಅಷ್ಟೇ.

ಹಾಗಾದರೆ ಉಳಿದ ದಾರಿ ಯಾವುದು? ಕಥೆಯನ್ನು ಸಿಂಹಾಸನದ ಕಡೆಯಿಂದಲ್ಲ, ಆ ಇಬ್ಬರ ಕಡೆಯಿಂದ ಹೇಳುವುದು. ಅಪಾಯದ ಪಯಣ, ಹೊಳೆ ದಾಟುವುದು, ಬಟ್ಟೆಯೊಳಗಿನ ಚೂರಿ... ಸಾಹಸಕಥೆಗೆ ಬೇಕಾದ್ದೆಲ್ಲ ಅವರ ಹತ್ತಿರವೇ ಇದೆ. ಇಲ್ಲಿಯವರೆಗೆ ಅವರನ್ನು ಕಥಾನಾಯಕರು ಅಂತ ನಾವು ಎಣಿಸಿಲ್ಲ, ಅಷ್ಟೇ. ಪ್ರೀತಿಯ ಕಥೆಗಳಿಗೂ ಕನ್ನಡದಲ್ಲಿ ಈಗ ಜಾಗ ಸಿಕ್ಕಿದೆ. ವಸುಧೇಂದ್ರರ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಸುಪ್ರೀಂ ಕೋರ್ಟು ಇಂಥ ಪ್ರೀತಿ ಅಪರಾಧವಲ್ಲ ಅಂದದ್ದು 2018ರ ಸೆಪ್ಟೆಂಬರ್ 6ರಂದು. ಕೋರ್ಟಿಗಿಂತ ಐದು ವರ್ಷ ಮೊದಲು ಕನ್ನಡದ ಕಥೆ ಬಂದಿತ್ತು ಅನ್ನೋದು ನನಗೆ ಹೆಮ್ಮೆಯ ವಿಷಯ.

ಕತ್ತಲಾಗುತ್ತಿತ್ತು, ಎದ್ದೆವು. ದಾರಿಯಲ್ಲಿ ಸುಮಾರು ಹೊತ್ತು ಅವನು ಮಾತಾಡಲಿಲ್ಲ. ಊರು ಹತ್ತಿರ ಬಂದಾಗ ಅಂದ: "ಪ್ರೀತಿ ಇರಲಿಲ್ಲಂದ್ರ ಇರಲಿಲ್ಲಂತನ ಬರಿ ಅಣ್ಣಾ. ಆದ್ರ ಅವರನ್ನ ಬಿಟ್ಟು ಬರೀಬ್ಯಾಡ."

ಕಾದಂಬರಿ ಬರೆಯುವ ಶಕ್ತಿ ನನಗಿಲ್ಲ. ಅದಕ್ಕೇ ಇಲ್ಲಿ ಇಷ್ಟು ಬರೆದೆ. ನಿಮ್ಮಲ್ಲಿ ಯಾರಿಗಾದರೂ ಆ ಶಕ್ತಿ ಇದ್ದರೆ, ಕಥೆ ಇಲ್ಲಿದೆ ನೋಡಿ.