ಗಾಯಕ್ಕೆ ಸಾಕ್ಷಿ ಯಾರು?

ನಮ್ಮಪ್ಪ ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಕೆರೆ ಒಡೆದ ವರ್ಷ ಅಂತ ಅಜ್ಜಿ ಹೇಳ್ತಿದ್ದಳು, ಅಷ್ಟೆ. ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ಹೋದಾಗ ಗುಮಾಸ್ತ ತಲೆ ಎತ್ತದೆ ಕೇಳಿದ: "ವಯಸ್ಸಿಗೆ ದಾಖಲೆ ಎಲ್ಲಯ್ಯಾ?" ಅಪ್ಪ ತನ್ನ ನರೆತ ತಲೆ ತೋರಿಸಿದ. ಅದು ದಾಖಲೆಯಲ್ಲವಂತೆ. ಅಕ್ಷರವನ್ನೇ ಕೊಡದ ವ್ಯವಸ್ಥೆ ಅಕ್ಷರದ ಸಾಕ್ಷಿ ಕೇಳುವುದು ಯಾವ ನ್ಯಾಯ? ಅಮೆರಿಕದ ಕಪ್ಪು ಸೈನಿಕರ ಚರಿತ್ರೆ ಓದುವಾಗ ಈ ಪ್ರಶ್ನೆ ಮತ್ತೆ ಎದ್ದು ನಿಂತಿತು.

1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಉತ್ತರದ ಸೇನೆಯಲ್ಲಿ ಸುಮಾರು 1,79,000 ಕಪ್ಪು ಸೈನಿಕರಿದ್ದರು. ಅವರಲ್ಲಿ ಬಹಳಷ್ಟು ಮಂದಿ ನಿನ್ನೆ ಮೊನ್ನೆಯವರೆಗೆ ಗುಲಾಮರು. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ. ಕರಿಯ ಸಿಪಾಯಿಗೆ 10. ಅದರಲ್ಲೂ ಬಟ್ಟೆಗೆ ಅಂತ 3 ಡಾಲರ್ ಮುರಿತ. 1864ರಲ್ಲಿ ಸಂಬಳ ಸಮ ಮಾಡುವ ಹೊತ್ತಿಗೆ ಎಷ್ಟೋ ಜನ ಮಣ್ಣು ಸೇರಿದ್ದರು.

1862ರ ಪಿಂಚಣಿ ಕಾನೂನಿನಂತೆ ಪೂರ್ತಿ ಅಂಗವಿಕಲನಾದ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 8 ಡಾಲರ್. ಆ ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ. ಗೋಡೆ ಇದ್ದದ್ದು ಅರ್ಜಿಯ ದಾರಿಯಲ್ಲಿ. ಗಾಯ ಸೇವೆಯಲ್ಲೇ ಆಯಿತು ಅಂತ ರುಜುವಾತು ಮಾಡಬೇಕು: ಆಸ್ಪತ್ರೆಯ ದಾಖಲೆ, ಅಧಿಕಾರಿಯ ಮಾತು, ವೈದ್ಯರ ಪರೀಕ್ಷೆ. ಕಪ್ಪು ಪಡೆಗಳಿಗೆ ಕಂದಕ ತೋಡುವ, ಹೊರೆ ಹೊರುವ ಕೆಲಸವೇ ಹೆಚ್ಚು, ವೈದ್ಯರು ಕಡಿಮೆ. ಹೊರೆ ಹೊತ್ತು ಸೊಂಟ ಮುರಿದದ್ದನ್ನು ಯಾವ ಪುಸ್ತಕದಲ್ಲಿ ಯಾರು ಬರೆದಿಟ್ಟರು? ಸೇನೆಗೆ ಸೇರುವಾಗ ಹಲವರಿಗೆ ಒಡೆಯನ ಹೆಸರಿತ್ತು, ಬಿಡುಗಡೆಯಾದ ಮೇಲೆ ತಾವೇ ಆರಿಸಿಕೊಂಡ ಹೆಸರು. ಕಚೇರಿಯ ಲೆಕ್ಕದಲ್ಲಿ ಒಬ್ಬ ಮನುಷ್ಯ ಇಬ್ಬರಾದ. ಓದು ಬಾರದವರ ಅರ್ಜಿ ಬರೆದುಕೊಡುವ ದಲ್ಲಾಳಿಗಳಲ್ಲಿ ಕಾನೂನು ಮೀರಿ ಹಣ ಕಿತ್ತವರೂ ಇದ್ದರು.

ಹ್ಯಾರಿಯೆಟ್ ಟಬ್‌ಮನ್ ಕತೆ ಕೇಳಿ. 1849ರಲ್ಲಿ ಗುಲಾಮಗಿರಿಯಿಂದ ಓಡಿಬಂದ ಹೆಣ್ಣುಮಗಳು. ಯುದ್ಧದಲ್ಲಿ ದಾದಿಯಾದಳು, ಬೇಹುಗಾರ್ತಿಯಾದಳು. 1863ರ ಜೂನ್‌ನಲ್ಲಿ ಕೊಂಬಾಹಿ ನದಿಯ ದಾಳಿಯಲ್ಲಿ ಸೈನ್ಯಕ್ಕೆ ದಾರಿ ತೋರಿಸಿದಳು. 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆಯಾದರು. ಅವಳ ಆ ಕೆಲಸಕ್ಕೆ ಪಿಂಚಣಿ ಇಲ್ಲ. ಸೈನಿಕನಾಗಿದ್ದ ಗಂಡ ನೆಲ್ಸನ್ ಡೇವಿಸ್ 1888ರಲ್ಲಿ ತೀರಿಕೊಂಡ. ವಿಧವೆಯ ಪಿಂಚಣಿ ಕೇಳಿದರೆ, ಅವನು ಸೇನೆಗೆ ಸೇರಿದ್ದು ನೆಲ್ಸನ್ ಚಾರ್ಲ್ಸ್ ಅನ್ನೋ ಹೆಸರಿನಲ್ಲಿ! ಇಬ್ಬರೂ ಒಬ್ಬನೇ ಅಂತ ಸಾಧಿಸಿ, 1895ರಲ್ಲಿ ಅವಳ ಕೈಗೆ ಬಂದದ್ದು ತಿಂಗಳಿಗೆ 8 ಡಾಲರ್. 1899ರಲ್ಲಿ ಅದು 20 ಆಯಿತು. ಬೇಹುಗಾರಿಕೆಯ ಪಿಂಚಣಿ ಬರಲೇ ಇಲ್ಲ.

ಆದರೂ ಒಂದು ಪಾಠವಿದೆ. ಕಾಗದದ ಹಟ ಸಡಿಲವಾದಾಗಲೆಲ್ಲ ಬಾಗಿಲು ಸ್ವಲ್ಪ ತೆರೆಯಿತು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಗಂಡಹೆಂಡಿರಾಗಿ ಬಾಳಿದ್ದಕ್ಕೆ ಸಾಕ್ಷಿ ಹೇಳಿದರೆ ಕಪ್ಪು ಸೈನಿಕನ ವಿಧವೆಗೆ ಪಿಂಚಣಿ ಕೊಡಬಹುದು ಅಂತ 1864ರಲ್ಲೇ ಕಾನೂನು ಬಂತು. 1890ರ ಕಾನೂನು, ಗಾಯ ಯುದ್ಧದಲ್ಲೇ ಆದದ್ದು ಅಂತ ತೋರಿಸುವ ಅಗತ್ಯವನ್ನು ಕೈಬಿಟ್ಟಿತು. 90 ದಿನದ ಸೇವೆ, ದುಡಿಯಲಾರದ ಮೈ ಇದ್ದರೆ ಸಾಕು. ಆಸ್ಪತ್ರೆಯ ಚೀಟಿ ಇಲ್ಲದವರಿಗೆ ಇದು ದೊಡ್ಡ ಆಸರೆ. ಆದರೆ ಮೈ ನೋಡುವ ವೈದ್ಯ, ಮಾತು ತೂಗುವ ತನಿಖೆಗಾರ ಹೆಚ್ಚಾಗಿ ಬಿಳಿಯರೇ. ಬಿಳಿಯರ ಅರ್ಜಿಗಳೇ ಹೆಚ್ಚು ಮಂಜೂರಾಗುತ್ತಿದ್ದವು. 1907ರಲ್ಲಿ 62 ವರ್ಷವಾದರೆ ಪಿಂಚಣಿ ಅಂದರು. ಗುಲಾಮನಾಗಿ ಹುಟ್ಟಿದವನ ವಯಸ್ಸಿಗೆ ದಾಖಲೆ? ಮತ್ತದೇ ನಮ್ಮಪ್ಪನ ಪ್ರಶ್ನೆ!

ಹಕ್ಕು ಸಾಯುವುದು ಕಾನೂನಿನ ಪುಸ್ತಕದಲ್ಲಲ್ಲ, ಗುಮಾಸ್ತನ ಮೇಜಿನ ಮೇಲೆ. ರುಜುವಾತಿನ ಹೊರೆ ಯಾರ ತಲೆ ಮೇಲೆ ಅನ್ನುವುದೇ ಮುಖ್ಯ ಪ್ರಶ್ನೆ. ಸೇರುವಾಗ ರೋಗವಿತ್ತೆಂದು ಬರೆದಿಲ್ಲದಿದ್ದರೆ, ಆಮೇಲೆ ಬಂದ ರೋಗ ಸೇವೆಯಿಂದಲೇ ಬಂದದ್ದೆಂದು ತಿಳಿಯಬೇಕು, ಅಲ್ಲವೆಂದು ಸಾಧಿಸುವ ಹೊರೆ ಸರ್ಕಾರದ್ದು ಅಂತ ನಮ್ಮ ಸುಪ್ರೀಂ ಕೋರ್ಟು ಸೈನಿಕನೊಬ್ಬನ ಪ್ರಕರಣದಲ್ಲಿ 2013ರಲ್ಲಿ ಹೇಳಿತು. ಈ ನ್ಯಾಯ ಸೇನೆಗೆ ಮಾತ್ರ ಯಾಕೆ? ಮಲದ ಗುಂಡಿಗೆ ಇಳಿದವನಿಗೆ, ಕಲ್ಲು ಒಡೆದು ಶ್ವಾಸ ಕಳಕೊಂಡವನಿಗೆ ಯಾಕಿಲ್ಲ?

ಓದು ಕಲಿತ ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಒಂದು ಅರ್ಜಿ ಬರೆದುಕೊಡಿ. ಒಬ್ಬ ಮುದುಕನ ಜೊತೆ ಕಚೇರಿ ಮೆಟ್ಟಿಲು ಹತ್ತಿ. ನಮ್ಮ ಜನರ ಮೈಯೇ ದಾಖಲೆ; ಅದನ್ನು ಓದಿಸುವುದು ನಮ್ಮ ಕೆಲಸ.